ಕೆಳಗೆ ಸಿಕ್ಕು, ಮೇಲೆ ಕಾರಣ

(ನಮ್ಮ ಕನ್ನಡ ಕಾರ್ಯಕ್ರಮದಲ್ಲಿ ಪ್ರಸಾರವಾದ ಭಾಷಣದ ಪಠ್ಯ)

ಇವತ್ತು ನಾನು ಮಾತಾಡಬೇಕೆಂದಿರುವುದು ಮನೆಯ ಹೊಲಿಗೆ ಯಂತ್ರದಲ್ಲಿ ದಾರ ಸಿಕ್ಕಾಗುವ ವಿಷಯ. ಇದೇನು ರೇಡಿಯೋದಲ್ಲಿ ಹೇಳುವಂಥ ದೊಡ್ಡ ಸಂಗತಿಯೇ ಎಂದು ಕೆಲವರಿಗೆ ಅನಿಸಬಹುದು. ಆದರೆ ಮನೆಯಲ್ಲೇ ಕುಳಿತು ಬ್ಲೌಸ್ ಹೊಲಿದು, ಸೀರೆಗೆ ಫಾಲ್ ಹಚ್ಚಿ, ಮಕ್ಕಳ ಫ್ರಾಕಿಗೆ ಹೂವು ತೆಗೆದು ನಾಲ್ಕು ಕಾಸು ಸಂಪಾದಿಸುವ ಹೆಣ್ಣುಮಕ್ಕಳನ್ನು ಕೇಳಿ ನೋಡಿ. ನಾಳೆ ಬೆಳಿಗ್ಗೆ ಮದುವೆ ಮನೆಯವರು ಬ್ಲೌಸ್ ಒಯ್ಯಲು ಬರುವವರಿದ್ದಾರೆ, ರಾತ್ರಿ ಹತ್ತು ಗಂಟೆಗೆ ಯಂತ್ರ "ಗರ್ರ್" ಎಂದು ನಿಂತುಬಿಡುತ್ತದೆ. ಬಟ್ಟೆ ಎತ್ತಿದರೆ ಬರುವುದಿಲ್ಲ. ಅಡಿಯಲ್ಲಿ ದಾರದ ದೊಡ್ಡ ಗೋಜಲು. ಬಟ್ಟೆಯೋ ಗಿರಾಕಿಯದು, ಅದೂ ರೇಷ್ಮೆ. ಆ ಹೊತ್ತಿನಲ್ಲಿ ಮುಂಬಯಿಯಲ್ಲಾಗಲಿ ದೆಹಲಿಯಲ್ಲಾಗಲಿ ಯಾವ ಮೆಕ್ಯಾನಿಕ್ ಬರುತ್ತಾನೆ?

ಮೊದಲು ಆ ಗೋಜಲನ್ನು ಬಿಡಿಸುವುದು ಹೇಗೆಂದು ಹೇಳಿಬಿಡುತ್ತೇನೆ. ಸಿಟ್ಟಿನಲ್ಲಿ ಬಟ್ಟೆ ಎಳೆಯಬೇಡಿ. ಎಳೆದರೆ ರೇಷ್ಮೆ ಹರಿಯುತ್ತದೆ, ಇಲ್ಲವೇ ಸೂಜಿ ಬಾಗುತ್ತದೆ, ಬಾಗಿದ ಸೂಜಿ ಮುಂದೆ ಇನ್ನಷ್ಟು ಸಿಕ್ಕು ಮಾಡುತ್ತದೆ. ವಿದ್ಯುತ್ ಯಂತ್ರವಾದರೆ ಪ್ಲಗ್ ತೆಗೆಯಿರಿ. ಚಕ್ರವನ್ನು ಕೈಯಿಂದ ನಿಧಾನವಾಗಿ ನಿಮ್ಮ ಕಡೆಗೆ ತಿರುಗಿಸಿ ಸೂಜಿಯನ್ನು ಮೇಲೆ ತನ್ನಿ. ಬಟ್ಟೆ ಒತ್ತುವ ಪಾದವನ್ನು ಎತ್ತಿ. ಬಟ್ಟೆಯನ್ನು ಸ್ವಲ್ಪವೇ ಎತ್ತಿ ಹಿಡಿದು, ಬಟ್ಟೆಗೂ ತಗಡಿಗೂ ನಡುವೆ ಸಣ್ಣ ಕತ್ತರಿ ಹಾಕಿ ದಾರ ಕತ್ತರಿಸಿ. ಬಟ್ಟೆ ಬಿಡಿಸಿಕೊಂಡು ಬಂತೆಂದರೆ ಅರ್ಧ ಗೆದ್ದ ಹಾಗೆ. ಆಮೇಲೆ ಬಾಬಿನ್ ಕೇಸ್ ಹೊರಗೆ ತೆಗೆದು, ಸೂಜಿ ತಗಡಿನ ಸ್ಕ್ರೂ ಬಿಚ್ಚಿ, ಅಲ್ಲಿ ಉಳಿದ ತುಂಡು ದಾರಗಳನ್ನು ಚಿಮಟಿಗೆಯಿಂದ ಒಂದೊಂದೇ ಹೆಕ್ಕಿ. ಒಂದು ಎಳೆ ಉಳಿದರೂ ಅದು ಮುಂದಿನ ಸಿಕ್ಕಿಗೆ ಬೀಜ.

ಇನ್ನು ಕಾರಣಕ್ಕೆ ಬರೋಣ. ಸಿಕ್ಕು ಕಾಣುವುದು ಬಟ್ಟೆಯ ಅಡಿಯಲ್ಲಿ. ಆದ್ದರಿಂದ ಎಲ್ಲರೂ ಮೊದಲು ಬಾಬಿನ್ ಮೇಲೆ ಅನುಮಾನ ಪಡುತ್ತಾರೆ. ಬಾಬಿನ್ ಕೇಸಿನ ಪುಟ್ಟ ಸ್ಕ್ರೂವನ್ನು ಒಮ್ಮೆ ಬಿಗಿ ಮಾಡುತ್ತಾರೆ, ಒಮ್ಮೆ ಸಡಿಲ ಮಾಡುತ್ತಾರೆ, ಕೊನೆಗೆ ಅದು ಮೊದಲು ಎಲ್ಲಿತ್ತೆಂಬುದೇ ಮರೆತುಹೋಗುತ್ತದೆ. ನನ್ನ ಮಾತು ಕೇಳಿ, ಆ ಸ್ಕ್ರೂವಿಗೆ ಕೈ ಹಚ್ಚುವುದು ಎಲ್ಲಕ್ಕಿಂತ ಕೊನೆಗೆ. ಕೆಳಗೆ ಗೋಜಲು ಕಂಡರೆ ತಪ್ಪು ಬಹುಪಾಲು ಮೇಲಿನ ದಾರದಲ್ಲಿರುತ್ತದೆ.

ಅದು ಹೇಗೆ ಎಂದು ಕೇಳುತ್ತೀರಿ. ಕೈಹೊಲಿಗೆಯಲ್ಲಿ ಒಂದೇ ದಾರ. ನಮ್ಮ ಧಾರವಾಡದ ಕಡೆಯ ಕಸೂತಿ ತೆಗೆದುಕೊಳ್ಳಿ. ಗವಂತಿ ಹೊಲಿಗೆಯಲ್ಲಿ ಹೋದ ದಾರಿಯಲ್ಲೇ ದಾರ ಹಿಂತಿರುಗಿ ಬಂದು ಎರಡೂ ಬದಿ ಒಂದೇ ತರಹ ಕಾಣುತ್ತದೆ, ಗಂಟು ಹಾಕುವ ಮಾತೇ ಇಲ್ಲ. ಯಂತ್ರದ ಲೆಕ್ಕ ಬೇರೆ. ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದ ಯಂತ್ರದಲ್ಲಿ ಸೂಜಿಯ ಕಣ್ಣು ತುದಿಯಲ್ಲಿತ್ತು, ಅಡಿಯಲ್ಲಿ ಎರಡನೆಯ ದಾರವಿತ್ತು. ಇಂದಿಗೂ ಮನೆಯ ಯಂತ್ರ ನಡೆಯುವುದು ಅದೇ ತತ್ವದ ಮೇಲೆ. ಸೂಜಿ ಕೆಳಗಿಳಿದು ಮತ್ತೆ ಕೊಂಚ ಮೇಲೇಳುವಾಗ ಅದರ ಹಿಂದೆ ದಾರ ಸಡಿಲವಾಗಿ ಒಂದು ಕುಣಿಕೆಯಾಗುತ್ತದೆ. ಶಟಲ್‌ನ ಮೂತಿ ಬಂದು ಆ ಕುಣಿಕೆಯನ್ನು ಹಿಡಿದು, ಅಗಲ ಮಾಡಿ, ಇಡೀ ಬಾಬಿನ್ನನ್ನೇ ಸುತ್ತಿಸಿ ಬಿಡುತ್ತದೆ. ಇಷ್ಟು ಹೊತ್ತಿಗೆ ಕೆಳಗೆ ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು ದಾರ ಇಳಿದಿರುತ್ತದೆ. ಆ ಹೆಚ್ಚಿನ ದಾರವನ್ನು ಮೇಲಕ್ಕೆ ಎಳೆದುಕೊಳ್ಳುವುದು ಯಂತ್ರದ ಮುಂದೆ ಮೇಲೆ ಕೆಳಗೆ ಆಡುವ ಆ ಲಿವರ್. ದಾರ ಅದರ ಕಣ್ಣಿನಿಂದ ತಪ್ಪಿದ್ದರೆ, ಅಥವಾ ಟೆನ್ಷನ್ ತಟ್ಟೆಗಳ ನಡುವೆ ಕೂತಿರದಿದ್ದರೆ, ಹೆಚ್ಚಿನ ದಾರ ಮೇಲೆ ಬರುವುದೇ ಇಲ್ಲ. ಪ್ರತಿ ಹೊಲಿಗೆಗೂ ಒಂದಿಷ್ಟು ಕೆಳಗೇ ಉಳಿಯುತ್ತದೆ. ನಾಲ್ಕೈದು ಹೊಲಿಗೆಗೇ ಗೋಜಲು ತಯಾರು.

ಟೆನ್ಷನ್ ತಟ್ಟೆಗಳು ಎಂದೆನಲ್ಲ, ಅಲ್ಲೇ ಒಂದು ಗುಟ್ಟಿದೆ. ಪಾದವನ್ನು ಎತ್ತಿದಾಗ ಆ ತಟ್ಟೆಗಳು ಬಾಯಿ ತೆರೆಯುತ್ತವೆ, ಇಳಿಸಿದಾಗ ಮುಚ್ಚುತ್ತವೆ. ಪಾದ ಇಳಿಸಿಟ್ಟು ದಾರ ಪೋಣಿಸಿದರೆ ದಾರ ಒಳಗೆ ಹೋಗದೆ ಅಂಚಿನ ಮೇಲೇ ತೇಲುತ್ತದೆ, ನೋಡಲು ಮಾತ್ರ ಎಲ್ಲ ಸರಿಯಾಗಿದ್ದಂತೆ ಕಾಣುತ್ತದೆ. ಅದಕ್ಕೇ ದಾರ ಪೋಣಿಸುವಾಗ ಪಾದ ಮೇಲೆ, ಲಿವರ್ ಕೂಡ ತೀರಾ ಮೇಲೆ. ಪರೀಕ್ಷೆ ಸುಲಭ: ಪಾದ ಎತ್ತಿ ಸೂಜಿಯ ಹತ್ತಿರ ದಾರ ಎಳೆಯಿರಿ, ಸರಾಗವಾಗಿ ಬರಬೇಕು. ಪಾದ ಇಳಿಸಿ ಎಳೆಯಿರಿ, ಬಿಗಿಯಾಗಬೇಕು, ಸೂಜಿ ತುಸು ಬಾಗಬೇಕು. ಎರಡೂ ಸಲ ಒಂದೇ ತರಹ ಬಂದರೆ ರೋಗ ಅಲ್ಲೇ ಇದೆ. ದಾರ ತೆಗೆದು ಮತ್ತೆ ಪೋಣಿಸಿ. ಆಗಲೂ ಆಗದಿದ್ದರೆ ತಟ್ಟೆಗಳ ನಡುವೆ ಹತ್ತಿಯ ಎಳೆ ಸೇರಿಕೊಂಡಿದೆ. ಪಾದ ಎತ್ತಿ, ತೆಳು ಬಟ್ಟೆಯ ಅಂಚನ್ನು ಅದರ ನಡುವೆ ಎರಡು ಸಲ ಆಡಿಸಿ.

ಮೇಲಿನ ದಾರವೋ ಕೆಳಗಿನದೋ ಎಂಬ ಅನುಮಾನ ಇನ್ನೂ ಇದ್ದರೆ ಮೇಲೆ ಕೆಂಪು, ಬಾಬಿನ್ನಿಗೆ ಬಿಳಿ ದಾರ ಹಾಕಿ ಚಿಂದಿ ಬಟ್ಟೆಯ ಮೇಲೆ ಒಂದು ಗೇಣು ಹೊಲಿಯಿರಿ. ಹಿಂಬದಿಯಲ್ಲಿ ಕೆಂಪು ಕುಣಿಕೆಗಳು ಕಂಡರೆ ಮೇಲಿನ ದಾರ ಸಡಿಲ. ಮುಂಬದಿಯಲ್ಲಿ ಬಿಳಿ ಚುಕ್ಕೆಗಳು ಎದ್ದು ಕಂಡರೆ ಮೇಲಿನದು ಬಿಗಿ. ಎರಡೂ ಕಾಣದಿದ್ದರೆ ಬೀಗ ಬಟ್ಟೆಯ ಹೊಟ್ಟೆಯೊಳಗೆ ಬಿದ್ದಿದೆ, ಯಂತ್ರ ಚೆನ್ನಾಗಿದೆ.

ಸೂಜಿಯ ವಿಷಯದಲ್ಲಿ ನಮ್ಮವರು ಬಹಳ ಜಿಪುಣರು. ಮುರಿಯುವ ತನಕ ಅದೇ ಸೂಜಿ. ಎಂಟು ಹತ್ತು ಗಂಟೆ ಹೊಲಿದ ಸೂಜಿಯ ಮೊನೆ ಮೊಂಡಾಗಿರುತ್ತದೆ; ಉಗುರಿನ ಮೇಲೆ ಎಳೆದು ನೋಡಿ, ಗೀರು ಬಿದ್ದರೆ ಮೊನೆ ಕೆಟ್ಟಿದೆ ಎಂದು ಎಸೆಯಿರಿ. ರೇಷ್ಮೆ, ಜಾರ್ಜೆಟ್‌ಗೆ 11, ಸಾಧಾರಣ ಹತ್ತಿ ಬಟ್ಟೆಗೆ 14, ಜೀನ್ಸಿಗೆ 16 ನಂಬರ್. ಸೂಜಿಯ ಒಂದು ಬದಿಗೆ ಉದ್ದಕ್ಕೂ ಗೀರಿನಂಥ ಕಾಲುವೆ ಇರುತ್ತದೆ. ದಾರ ಆ ಕಾಲುವೆಯ ಕಡೆಯಿಂದಲೇ ಕಣ್ಣಿಗೆ ಹೋಗಬೇಕು. ಕರಿ ಬಣ್ಣದ ಹಳೆಯ ಕಾಲು ಯಂತ್ರವಿರಲಿ, ಹೊಸ ಝಿಗ್‌ಝ್ಯಾಗ್ ಯಂತ್ರವಿರಲಿ, ಈ ನಿಯಮ ಒಂದೇ. ಕಾರ್ಖಾನೆ ಯಂತ್ರದ ಗುಂಡು ಬುಡದ ಸೂಜಿಯೂ ಅಂಗಡಿಯಲ್ಲಿ ಮನೆ ಯಂತ್ರದ ಸೂಜಿಯ ಪಕ್ಕದಲ್ಲೇ ಇರುತ್ತದೆ. ಅದನ್ನು ಹೇಗೋ ತುರುಕಿ ಕೂರಿಸಿದರೂ ಕುಣಿಕೆ ಶಟಲ್‌ಗೆ ಸಿಗುವುದಿಲ್ಲ. ಬುಡದ ಒಂದು ಬದಿ ಚಪ್ಪಟೆಯಾಗಿರುವ ಸೂಜಿಯನ್ನೇ ಕೇಳಿ ತೆಗೆದುಕೊಳ್ಳಿ.

ಹೊಲಿಗೆ ಶುರು ಮಾಡುವಾಗ ಎರಡೂ ದಾರದ ತುದಿಗಳನ್ನು ಪಾದದ ಹಿಂದಕ್ಕೆ ಎಳೆದು, ಮೊದಲ ಎರಡು ಮೂರು ಹೊಲಿಗೆಯ ತನಕ ಬೆರಳಲ್ಲಿ ಹಿಡಿದಿರಿ. ತೆಳು ರೇಷ್ಮೆಯ ಮೂಲೆ ತಗಡಿನ ತೂತಿಗೆ ನುಗ್ಗುತ್ತಿದ್ದರೆ ಒಂದು ಚಿಂದಿಯ ಮೇಲೆ ಹೊಲಿಗೆ ಆರಂಭಿಸಿ, ನಿಲ್ಲಿಸದೆ ರೇಷ್ಮೆಯ ಮೇಲೆ ನಡೆಸಿ, ಕೊನೆಗೆ ಚಿಂದಿಯನ್ನು ಕತ್ತರಿಸಿಬಿಡಿ. ಕಾಲು ಯಂತ್ರದವರು ಚಕ್ರಕ್ಕೆ ಕೈ ಹಾಕಿ ಮುಂದಕ್ಕೆ ತಿರುಗಿಸಿಯೇ ಕಾಲು ಒತ್ತಿ. ಅರ್ಧ ಸುತ್ತು ಹಿಂದಕ್ಕೆ ಹೋದರೂ ದಾರ ಶಟಲ್‌ಗೆ ಸುತ್ತಿಕೊಳ್ಳುತ್ತದೆ.

ಈಗ ಯಂತ್ರದ ಕಸೂತಿ. ಇದನ್ನು ಕೊಂಚ ವಿವರವಾಗಿ ಹೇಳಬೇಕು, ಏಕೆಂದರೆ ಹೊಲಿಗೆ ಚೆನ್ನಾಗಿ ಬರುವ ಯಂತ್ರವೇ ಕಸೂತಿಗೆ ಕೂತೊಡನೆ ಸಿಕ್ಕು ಮಾಡುತ್ತದೆ ಎಂಬ ದೂರು ಬಹಳ. ಸಾದಾ ಯಂತ್ರದಲ್ಲಿ ಹೂವು ತೆಗೆಯುವಾಗ ನಾವು ಪಾದವನ್ನು ಬಿಚ್ಚಿಡುತ್ತೇವೆ, ಬಟ್ಟೆ ಮುಂದೆ ತಳ್ಳುವ ಹಲ್ಲುಗಳನ್ನು ಇಳಿಸುತ್ತೇವೆ ಅಥವಾ ಮುಚ್ಚುತ್ತೇವೆ, ರಿಂಗಿಗೆ ಬಟ್ಟೆ ಬಿಗಿದು ಕೈಯಿಂದಲೇ ಆಡಿಸುತ್ತೇವೆ. ಪಾದವೇ ಇಲ್ಲವಲ್ಲ, ಇನ್ನು ಇಳಿಸುವುದೇನು ಎಂದು ಪಾದದ ಲಿವರ್ ಮೇಲೇ ಉಳಿದುಬಿಡುತ್ತದೆ. ಲಿವರ್ ಮೇಲಿದ್ದರೆ ಟೆನ್ಷನ್ ತಟ್ಟೆಗಳ ಬಾಯಿ ತೆರೆದೇ ಇರುತ್ತದೆ ಎಂದು ಆಗಲೇ ಹೇಳಿದೆನಲ್ಲ. ಪಾದ ಇರಲಿ ಬಿಡಲಿ, ಲಿವರ್ ಇಳಿಸಲೇಬೇಕು. ಇದೊಂದನ್ನು ನೆನಪಿಟ್ಟರೆ ಎಷ್ಟೋ ಹೂವುಗಳು ಉಳಿಯುತ್ತವೆ.

ಎರಡನೆಯದು ರಿಂಗು. ಕೈಕಸೂತಿಯಲ್ಲಿ ಬಟ್ಟೆ ರಿಂಗಿನ ಮೇಲ್ಭಾಗದಲ್ಲಿರುತ್ತದೆ, ಯಂತ್ರಕ್ಕೆ ತಲೆಕೆಳಗು: ಬಟ್ಟೆ ತಗಡಿಗೆ ತಾಗಿಕೊಂಡು ತಳದಲ್ಲಿರಬೇಕು. ಬೆರಳಿಂದ ತಟ್ಟಿದರೆ ಸದ್ದು ಬರುವಷ್ಟು ಬಿಗಿ ಇರಲಿ, ಆದರೆ ನೇಯ್ಗೆ ಓರೆಯಾಗುವಷ್ಟು ಎಳೆಯಬೇಡಿ. ಬಟ್ಟೆ ಸಡಿಲವಿದ್ದರೆ ಸೂಜಿಯ ಜೊತೆ ಅದೂ ಮೇಲೇಳುತ್ತದೆ. ಆಗ ಸೂಜಿಯ ಹಿಂದೆ ಕುಣಿಕೆ ಸರಿಯಾಗಿ ಮೂಡದು, ಶಟಲ್ ಒಮ್ಮೆ ಹಿಡಿಯುತ್ತದೆ, ಒಮ್ಮೆ ಬಿಡುತ್ತದೆ. ಕಂಪ್ಯೂಟರ್ ಯಂತ್ರದವರಿಗೂ ಇದೇ ಮಾತು. ತೆಳು ಬಟ್ಟೆಯ ಅಡಿಗೆ ಬ್ಯಾಕಿಂಗ್ ಪೇಪರ್ ಇಡದೆ ದಟ್ಟ ಹೂವು ಹಾಕಿದರೆ ಎಷ್ಟು ದುಬಾರಿ ಯಂತ್ರವಾದರೂ ಗೋಜಲು ಮಾಡುತ್ತದೆ. ಹೂವಿನ ಎಸಳು ತಿರುಗಿಸಿ ನೋಡಿ: ನಡುವೆ ಮೂರನೇ ಒಂದು ಪಾಲು ಬಾಬಿನ್ ದಾರ, ಎರಡೂ ಅಂಚಿಗೆ ಮೇಲಿನ ಬಣ್ಣ ಕಂಡರೆ ಟೆನ್ಷನ್ ಸರಿಯಿದೆ. ಜರಿ ದಾರ ಹಾಕುವವರು ಕಣ್ಣು ದೊಡ್ಡದಿರುವ ಸೂಜಿ ಹಾಕಿ, ಟೆನ್ಷನ್ ಸಡಿಲಿಸಿ, ನಿಧಾನ ಹೊಲಿಯಿರಿ.

ಎಣ್ಣೆಯ ಬಗ್ಗೆ ಒಂದು ಮಾತು. ನಮ್ಮ ಮನೆಗಳಲ್ಲಿ ಕೊಬ್ಬರಿ ಎಣ್ಣೆ ಸರ್ವರೋಗಕ್ಕೂ ಮದ್ದು, ಆದರೆ ಹೊಲಿಗೆ ಯಂತ್ರಕ್ಕೆ ಅಲ್ಲ. ದೆಹಲಿಯ ಚಳಿಯಲ್ಲಿ ಅದು ಹೆಪ್ಪುಗಟ್ಟುತ್ತದೆ, ಬೇರೆಡೆ ಹತ್ತಿಯ ಧೂಳಿನೊಂದಿಗೆ ಸೇರಿ ಅಂಟಾಗುತ್ತದೆ. ಹೊಲಿಗೆ ಯಂತ್ರದ್ದೇ ತೆಳು ಎಣ್ಣೆ, ಶಟಲ್ ಓಡುವ ಜಾಗಕ್ಕೆ ಒಂದೇ ಹನಿ. ಹಾಕುವ ಮೊದಲು ಬ್ರಷ್‌ನಿಂದ ಧೂಳು ತೆಗೆಯಿರಿ. ಬಾಯಿಂದ ಊದಬೇಡಿ, ಉಸಿರಿನ ತೇವ ಸೇರುತ್ತದೆ. ಮುಂಬಯಿ, ಚೆನ್ನೈನಂಥ ಕಡಲ ಬದಿಯ ಊರಿನಲ್ಲಿ ಮಳೆಗಾಲದಲ್ಲಿ ಬಾಬಿನ್ ಕೇಸಿಗೆ ತುಕ್ಕು ಹಿಡಿಯುತ್ತದೆ. ತುಕ್ಕಿನ ಒರಟು ಜಾಗಕ್ಕೆ ದಾರ ಸಿಕ್ಕಿ ಹರಿಯುತ್ತದೆ.

ಬಾಬಿನ್ನನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ದಾರ ಮೆತ್ತಗೆ, ಏರುಪೇರಾಗಿ ಸುತ್ತಿದ್ದರೆ ಬಿಚ್ಚಿ ಮತ್ತೆ ಸುತ್ತಿ. ಬಾಬಿನ್ ಕೇಸನ್ನು ದಾರದ ತುದಿ ಹಿಡಿದು ತೂಗುಬಿಡಿ, ಕೈಯನ್ನು ಮೆಲ್ಲಗೆ ಝಾಡಿಸಿ. ಒಂದೆರಡು ಇಂಚು ಇಳಿದು ನಿಲ್ಲಬೇಕು. ಸರ್ರನೆ ನೆಲಕ್ಕೆ ಹೋದರೆ ಸಡಿಲ, ಅಲುಗದಿದ್ದರೆ ಬಿಗಿ. ಮೇಲಿನಿಂದ ಬಾಬಿನ್ ಹಾಕುವ ಯಂತ್ರಗಳಲ್ಲಿ ಈ ಪರೀಕ್ಷೆ ನಡೆಯದು. ಅಲ್ಲಿ ದಾರ ಎಳೆದಾಗ ಬಾಬಿನ್ ಯಾವ ಕಡೆ ತಿರುಗಬೇಕೆಂದು ಮುಚ್ಚಳದ ಹತ್ತಿರ ಬಾಣದ ಗುರುತಿದ್ದರೆ ಅದನ್ನು ನೋಡಿ ಹಾಕಿ.

ಇಷ್ಟೆಲ್ಲ ಮಾಡಿ, ಹೊಸ ಸೂಜಿ, ಹೊಸ ದಾರ ಹಾಕಿದ ಮೇಲೂ ಹೊಲಿಗೆ ತಪ್ಪುತ್ತಿದ್ದರೆ ಶಟಲ್‌ನ ಮೂತಿ ಸವೆದಿರಬಹುದು, ಇಲ್ಲವೇ ಸೂಜಿಗೂ ಶಟಲ್‌ಗೂ ಟೈಮಿಂಗ್ ತಪ್ಪಿರಬಹುದು. ಅದು ಮೆಕ್ಯಾನಿಕ್‌ನ ಕೆಲಸ. ಅವನ ಹತ್ತಿರ ಹೋಗುವಾಗ ಯಂತ್ರವೊಂದನ್ನೇ ಒಯ್ಯಬೇಡಿ. ಆ ಕೆಂಪು ಬಿಳಿ ದಾರದಲ್ಲಿ ಹೊಲಿದ ಚಿಂದಿಯನ್ನೂ, ನೀವು ಬಳಸುವ ಸೂಜಿಯನ್ನೂ, ದಾರದ ರೀಲನ್ನೂ ಒಯ್ಯಿರಿ. ಚಿಂದಿ ನೋಡಿದರೆ ಅವನಿಗೆ ರೋಗ ಬೇಗ ಗೊತ್ತಾಗುತ್ತದೆ. ನೀವು ತಿಳಿದವರು ಎಂಬುದೂ ಗೊತ್ತಾಗುತ್ತದೆ, ಬಿಲ್ಲು ಹೇಳುವ ಮುಂಚೆ ಅದೂ ಒಳ್ಳೆಯದೇ.