ಕೊಂಡ ಮೇಲೆ ಮನಸ್ಸು ತಿರುಗಿದರೆ

(ವಾಚನಾಲಯದ ಕೂಟದಲ್ಲಿ ಮಾಡಿದ ಭಾಷಣ)



ಪುಣೆಯ ಫಲಕಗಳು ಹೆಸರುವಾಸಿಯಾದವು. ಹೇಳಬೇಕಾದುದನ್ನು ನಾಲ್ಕೇ ಮಾತಿನಲ್ಲಿ ಮುಖಕ್ಕೆ ಹೊಡೆದಂತೆ ಹೇಳುವುದರಲ್ಲಿ ಈ ಊರಿನವರು ನಿಸ್ಸೀಮರು. ಆದರೆ ನಮ್ಮಂಥ ಪರಸ್ಥಳದವರನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸುವ ಫಲಕ ಒಂದುಂಟು, ಅದು ಪುಣೆಗಷ್ಟೇ ಸೇರಿದ್ದಲ್ಲ, ಎಲ್ಲ ಊರುಗಳ ಅಂಗಡಿಗಳಲ್ಲಿಯೂ ತೂಗಾಡುತ್ತದೆ: “ಒಮ್ಮೆ ಮಾರಿದ ಮಾಲನ್ನು ಮರಳಿ ತೆಗೆದುಕೊಳ್ಳಲಾಗುವುದಿಲ್ಲ.” ಇದನ್ನು ಓದಿದೊಡನೆ ನಮ್ಮ ಬಾಯಿ ಕಟ್ಟುತ್ತದೆ. ಮೊದಲೇ ಮರಾಠಿ ಅಷ್ಟಕ್ಕಷ್ಟೆ. ಗಲ್ಲೆಯ ಮೇಲೆ ಕುಳಿತವರು ಬೆರಳು ಎತ್ತಿ ಫಲಕ ತೋರಿಸಿದರೆ ತೀರಿತು. ಪಗಾರದ ಅರ್ಧ ಹಣ ಕಳೆದುಕೊಂಡು ಸುಮ್ಮನೆ ಮೆಟ್ಟಲಿಳಿಯುತ್ತೇವೆ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ!

ಈ ಫಲಕದ ಮಾತು ಎಷ್ಟು ನಿಜ, ಎಷ್ಟು ಪೊಳ್ಳು ಎಂಬುದನ್ನು ಇಂದು ನಾವು ಒಟ್ಟಿಗೆ ಕುಳಿತು ವಿಚಾರಿಸೋಣ.

ಮೊದಲು ಎರಡು ಸಂಗತಿಗಳನ್ನು ಬೇರೆ ಬೇರೆ ಮಾಡಿ ನೋಡತಕ್ಕದ್ದು. ಕೊಂಡ ವಸ್ತುವಿನಲ್ಲಿಯೇ ದೋಷವಿರುವುದು ಒಂದು. ವಸ್ತು ಸರಿಯಾಗಿದ್ದು ನಮ್ಮ ಮನಸ್ಸು ತಿರುಗುವುದು ಇನ್ನೊಂದು. ಭೋಸರಿಯ ಕಾರಖಾನೆಯಲ್ಲಿ ದುಡಿಯುವ ಗೆಳೆಯನೊಬ್ಬ ಮಿಕ್ಸರು ಕೊಂಡನೆನ್ನಿ. ಮನೆಗೆ ತಂದು ಗುಂಡಿ ಒತ್ತಿದರೆ ತಿರುಗಲೊಲ್ಲದು. ಇದು ದೋಷ. ಮಿಕ್ಸರು ಚೆನ್ನಾಗಿಯೇ ತಿರುಗುತ್ತದೆ, ಆದರೆ ಮನೆಯಾಕೆ “ಈ ಬಣ್ಣ ಬೇಡವಾಗಿತ್ತು, ಈ ತಿಂಗಳು ಬಾಡಿಗೆಯೂ ಇತ್ತಲ್ಲ” ಎಂದಳೆನ್ನಿ. ಇದು ಮನಸ್ಸಿನ ಮಾತು. ಕಾನೂನು ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ.

ದೋಷವಿದ್ದಲ್ಲಿ ಫಲಕಕ್ಕೆ ಬೆಲೆಯಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈಯಲ್ಲಿ ಜಾರಿಗೆ ಬಂದಿತು. ದೋಷವುಳ್ಳ ಮಾಲನ್ನು ಮರಳಿ ಪಡೆದು ಹಣ ಹಿಂದಿರುಗಿಸಲು ನಿರಾಕರಿಸುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ಅದು ಸ್ಪಷ್ಟವಾಗಿ ಹೇಳಿದೆ. ಬಿಲ್ಲಿನಲ್ಲಿ ಅವಧಿ ಬರೆದಿದ್ದರೆ ಆ ಅವಧಿ. ಬರೆಯದಿದ್ದರೆ 30 ದಿವಸ. ಬಿಲ್ಲು ಕೊಡದಿರುವುದೂ ಅದೇ ಕಾಯಿದೆಯಂತೆ ಅನುಚಿತ ಪದ್ಧತಿಯೇ. ಮನೆಯಲ್ಲಿ ಕುಳಿತು ಮೊಬೈಲಿನ ಮೂಲಕ ತರಿಸುವ ವಸ್ತುಗಳಿಗೆ 2020ರ ನಿಯಮಗಳು ಬೇರೆಯಾಗಿವೆ. ಮಾಲು ದೋಷವುಳ್ಳದ್ದಾದರೆ, ನಕಲಿಯಾದರೆ, ಜಾಹೀರಾತಿನಲ್ಲಿ ಹೇಳಿದಂತೆ ಇರದಿದ್ದರೆ, ಇಲ್ಲವೆ ಹೇಳಿದ ದಿನಕ್ಕಿಂತ ತಡವಾಗಿ ಬಂದರೆ, ಮಾರಿದವರು ಅದನ್ನು ಹಿಂದಕ್ಕೆ ಪಡೆಯಲಾರೆವೆನ್ನುವಂತಿಲ್ಲ. ಕೈಮೀರಿದ ಕಾರಣದಿಂದ ತಡವಾಗಿದ್ದರೆ ಮಾತ್ರ ಬೇರೆ ಮಾತು.

ಇನ್ನು ಮನಸ್ಸು ತಿರುಗಿದ ಮಾತು. ಅಂಗಡಿಗೆ ಹೋಗಿ, ನೋಡಿ, ಮುಟ್ಟಿ, ಹಣ ಕೊಟ್ಟು ತಂದ ಒಳ್ಳೆಯ ವಸ್ತುವನ್ನು “ಬೇಡವೆನಿಸಿತು” ಎಂಬ ಒಂದೇ ಕಾರಣಕ್ಕೆ ಹಿಂದಿರುಗಿಸುವ ಸಾಮಾನ್ಯ ಹಕ್ಕನ್ನು ನಮ್ಮ ದೇಶದ ಕಾನೂನು ಕೊಟ್ಟಿಲ್ಲ. ಇದು ಕಹಿಯಾದರೂ ನಿಜ. ಯುರೋಪಿನ ಒಕ್ಕೂಟದ ದೇಶಗಳಲ್ಲಿ 2014ರ ಜೂನ್‌ನಿಂದ ದೂರದಿಂದ ತರಿಸಿದ ಹೆಚ್ಚಿನ ವಸ್ತುಗಳನ್ನು ಕಾರಣ ಹೇಳದೆಯೇ 14 ದಿವಸದೊಳಗೆ ಹಿಂದಿರುಗಿಸಬಹುದು. ಆದರೆ ಅಲ್ಲಿಯೂ ಆ ಹಕ್ಕು ಕಣ್ಣಾರೆ ನೋಡಿ ಅಂಗಡಿಯಲ್ಲಿ ಕೊಂಡದ್ದಕ್ಕೆ ಇಲ್ಲ. ನೋಡದೆ ಕೊಂಡವನಿಗೆ ನೋಡುವ ಅವಕಾಶ ಬೇಕೆಂಬುದೇ ಅದರ ತತ್ತ್ವ.

ಕೊಂಡವನ ಪಶ್ಚಾತ್ತಾಪ ಎಂಬುದು ಹೊಸಗಾಲದ ಚಪಲವೆಂದು ಯಾರೂ ತಿಳಿಯಬಾರದು. ನಮ್ಮ ಹಳೆಯ ಧರ್ಮಶಾಸ್ತ್ರದಲ್ಲಿ ಇದಕ್ಕೆ ‘ಕ್ರೀತಾನುಶಯ’ವೆಂಬ ಹೆಸರೇ ಇದೆ. ಕೌಟಿಲ್ಯನ ಅರ್ಥಶಾಸ್ತ್ರವು ಕ್ರಯವಿಕ್ರಯವನ್ನು ಮುರಿದುಕೊಳ್ಳಲು ವ್ಯಾಪಾರಿಗಳಿಗೆ ಒಂದು ರಾತ್ರಿ, ಒಕ್ಕಲಿಗರಿಗೆ ಮೂರು ರಾತ್ರಿ, ದನಗಾಹಿಗಳಿಗೆ ಐದು ರಾತ್ರಿ ಅವಧಿ ಕೊಟ್ಟಿತು. ಯಾಜ್ಞವಲ್ಕ್ಯ ಸ್ಮೃತಿ ಪರೀಕ್ಷೆಗೆ ದಿನ ಗೊತ್ತುಮಾಡಿತು: ಕಬ್ಬಿಣಕ್ಕೆ ಒಂದು ದಿನ, ಹಾಲು ಕರೆಯುವ ದನಕ್ಕೆ ಮೂರು, ಹೂಡುವ ಎತ್ತಿಗೆ ಐದು, ಬಿತ್ತುವ ಬೀಜಕ್ಕೆ ಹತ್ತು. ಆ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರನು ನಮ್ಮವನೇ. ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ಇಂದು ಬೀದರ ಜಿಲ್ಲೆಯಲ್ಲಿರುವ ಕಲ್ಯಾಣದಲ್ಲಿದ್ದವನು. ನಾರದ ಸ್ಮೃತಿಯ ಲೆಕ್ಕ ಇನ್ನೂ ಚೊಕ್ಕಟ. ಕೊಂಡದ್ದು ಸರಿಬೀಳದಿದ್ದರೆ ಅದೇ ದಿನ, ಕೆಡದಂತೆ, ಪೂರ್ಣ ಹಣಕ್ಕೆ ಹಿಂದಿರುಗಿಸಬಹುದು. ಎರಡನೆಯ ದಿನ ಬೆಲೆಯ ಮೂವತ್ತರಲ್ಲಿ ಒಂದು ಪಾಲು ಮುರಿವು. ಮೂರನೆಯ ದಿನ ಅದರ ಇಮ್ಮಡಿ. ಆಮೇಲೆ ವಸ್ತು ಕೊಂಡವನದೇ. ಆರುನೂರು ರೂಪಾಯಿಯ ಸೀರೆಗೆ ಎರಡನೆಯ ದಿನ ಇಪ್ಪತ್ತು, ಮೂರನೆಯ ದಿನ ನಲವತ್ತು ರೂಪಾಯಿ ಎಂದಾಯಿತು. ಕೊಂಡವನಿಗೂ ದಾರಿ, ಮಾರಿದವನಿಗೂ ನ್ಯಾಯ.

ಇಂದು ಅಂಥ ದಾರಿ ಕೆಲವು ಕಡೆ ಮಾತ್ರ ಉಳಿದಿದೆ. ವಿಮೆಯ ಪಾಲಿಸಿ ಅವುಗಳಲ್ಲೊಂದು. ಪರಿಚಯದ ಏಜೆಂಟನ ದಾಕ್ಷಿಣ್ಯಕ್ಕೆ ಸಹಿ ಹಾಕಿದ ಗುಮಾಸ್ತರು ನಮ್ಮಲ್ಲಿ ಎಷ್ಟು ಮಂದಿಯಿಲ್ಲ! ಪಾಲಿಸಿಯ ಕಾಗದ ಕೈಸೇರಿದ 30 ದಿವಸದೊಳಗೆ ಅದನ್ನು ಓದಿ, ಒಪ್ಪಿಗೆಯಾಗದಿದ್ದರೆ ಹಿಂದಿರುಗಿಸಬಹುದು. ಅಷ್ಟು ದಿವಸದ ರಕ್ಷಣೆಯ ಪಾಲು, ವೈದ್ಯ ತಪಾಸಣೆಯ ಖರ್ಚು, ಮುದ್ರಾಶುಲ್ಕ ಕಳೆದು ಉಳಿದ ಹಣ ಮರಳಿ ಬರುತ್ತದೆ. ನಾರದನ ಮುರಿವು ಹೊಸ ವೇಷದಲ್ಲಿ ಬಂದಂತೆಯೇ ಸರಿ.

ಉಳಿದ ಕೊಳ್ಳುವಿಕೆಯಲ್ಲಿ ನಮಗೆ ಆಧಾರ ಅಂಗಡಿಯವರ ಮಾತು. “ಏಳು ದಿವಸದೊಳಗೆ ಬದಲಿ ಕೊಡುತ್ತೇವೆ” ಎಂದು ಬಿಲ್ಲಿನಲ್ಲಿ ಅಚ್ಚಾಗಿದ್ದರೆ ಅದು ಉಪಕಾರವಲ್ಲ, ಕರಾರು. ಅದಕ್ಕೆ ಅವರು ಬದ್ಧರು. ಆದುದರಿಂದ ಕೇಳುವ ಹೊತ್ತು ಹಣ ಕೊಟ್ಟ ಮೇಲಲ್ಲ, ಕೊಡುವುದಕ್ಕೆ ಮುಂಚೆ. ದೀಪಾವಳಿಗೆ ಊರಿಗೆ ಸೀರೆ ಒಯ್ಯುತ್ತೇವೆ. ಸ್ವಾರಗೇಟಿನಿಂದ ಬಸ್ಸು ಹತ್ತಿ ವಿಜಯಪುರವೋ ಕಲಬುರಗಿಯೋ ಮುಟ್ಟಿ, ತಾಯಿಗೆ ತೋರಿಸಿ, ಮರಳಿ ಬರುವಷ್ಟರಲ್ಲಿ ಏಳು ದಿವಸ ಕಳೆದಿರುತ್ತದೆ. “ನಾವು ಊರಿಗೆ ಹೋಗಿ ಬರುವವರು, ಹದಿನೈದು ದಿವಸವೆಂದು ಬಿಲ್ಲಿನ ಮೇಲೆ ಬರೆದುಕೊಡಿ” ಎಂದು ಕೇಳುವುದರಲ್ಲಿ ನಾಚಿಕೆಯೇನು? ಬರೆದರೆ ಲಾಭ, ಬರೆಯದಿದ್ದರೆ ಪಕ್ಕದಲ್ಲಿ ಇನ್ನೊಂದು ಅಂಗಡಿಯುಂಟು. ಬದಲಿ ವಸ್ತುವೋ, ರೋಖು ಹಣವೋ ಎಂಬುದನ್ನೂ ಆಗಲೇ ಕೇಳಿಕೊಳ್ಳಬೇಕು.

“ಮನೆಯಲ್ಲಿ ತೋರಿಸಿ ಒಪ್ಪಿದರೆ ಇಟ್ಟುಕೊಳ್ಳುತ್ತೇವೆ” ಎಂದು ಒಯ್ಯುವ ಪದ್ಧತಿಯೂ ಇದೆ. 1930ರ ಸರಕು ಮಾರಾಟ ಕಾಯಿದೆಯ 24ನೆಯ ಕಲಮು ಇದನ್ನು ಮನ್ನಿಸುತ್ತದೆ. ಆದರೆ ಗೊತ್ತಾದ ಅವಧಿ ಮೀರಿ, ಬೇಡವೆಂದು ತಿಳಿಸದೆ ಇಟ್ಟುಕೊಂಡರೆ ಕೊಂಡಂತೆಯೇ ಆಯಿತು. ಅವಧಿ ಗೊತ್ತಾಗಿರದಿದ್ದರೆ ಯೋಗ್ಯವಾದಷ್ಟು ಕಾಲ ಎಂದು ಲೆಕ್ಕ.

ನ್ಯಾಯವಾದ ಕೇಳಿಕೆಗೂ ಅಂಗಡಿಯವರು ಕಿವಿಗೊಡದಿದ್ದರೆ? ಜಗಳ ಬೇಡ, ಕಾಗದ ಬರೆಯಿರಿ. 1915 ಎಂಬ ರಾಷ್ಟ್ರೀಯ ಸಹಾಯವಾಣಿಗೆ ಫೋನು ಮಾಡಿದರೆ ಕನ್ನಡದಲ್ಲಿಯೂ ದೂರು ಹೇಳಬಹುದು. ಅಲ್ಲಿಯೂ ತೀರದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ವಸ್ತುವಿಗೆ ತೆತ್ತ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರನ್ನು ಹಿಡಿಯಲೇಬೇಕೆಂದಿಲ್ಲ, ಅವಧಿ 2 ವರ್ಷ. ನಮಗೆ ಅತಿ ಮುಖ್ಯವಾದದ್ದು ಇನ್ನೊಂದು. ಕೊಂಡವನು ವಾಸವಿರುವ ಅಥವಾ ದುಡಿಯುವ ಊರಿನಲ್ಲಿಯೇ ದೂರು ಕೊಡಬಹುದೆಂದು 2019ರ ಕಾಯಿದೆ ಹೇಳುತ್ತದೆ. ಬಾಗಲಕೋಟೆಯಲ್ಲಿ ಕೊಂಡ ಪಂಪು ಕೆಟ್ಟದ್ದಾದರೆ ಪುಣೆಯಲ್ಲಿ ದುಡಿಯುವವನು ರಜೆ ಹಾಕಿ ಅಲ್ಲಿಗೆ ಅಲೆಯಬೇಕಾಗಿಲ್ಲ. ಹೊಟ್ಟೆಪಾಡಿಗೆ ಊರು ಬಿಟ್ಟವರಿಗೆ ಇದು ಸಣ್ಣ ಸೌಕರ್ಯವಲ್ಲ.

ಈ ಎಲ್ಲ ಹಕ್ಕುಗಳಿಗೂ ಈ ಪುಣೆಗೂ ನಂಟುಂಟು. ಬಿಂದುಮಾಧವ ಜೋಶಿಯವರು 1974ರಲ್ಲಿ ಗ್ರಾಹಕ ಪಂಚಾಯತವನ್ನು ಆರಂಭಿಸಿದ್ದು ಈ ಊರಿನಲ್ಲಿಯೇ. ದೇಶದ ಮೊದಲ ಗ್ರಾಹಕ ಸಂರಕ್ಷಣಾ ಕಾಯಿದೆ ಬಂದದ್ದು ಹನ್ನೆರಡು ವರ್ಷಗಳ ತರುವಾಯ, 1986ರ ಡಿಸೆಂಬರ್ 24ರಂದು. ಆ ದಿನವನ್ನೇ ರಾಷ್ಟ್ರೀಯ ಗ್ರಾಹಕ ದಿನವೆಂದು ಆಚರಿಸುತ್ತಾರೆ. ಕಠಿಣ ಫಲಕಗಳ ಊರೇ ಗಿರಾಕಿಯ ಪರವಾಗಿಯೂ ದನಿಯೆತ್ತಿತು ಎಂಬುದನ್ನು ನಾವು ಮರೆಯಬಾರದು.

ಕೊನೆಯದಾಗಿ ನಮ್ಮ ಪಾಲಿನ ಧರ್ಮ. ಮದುವೆಗೆ ಉಟ್ಟು, ಇಸ್ತ್ರಿ ಮಾಡಿ, “ಮುಟ್ಟಿಯೇ ಇಲ್ಲ” ಎಂದು ಸೀರೆ ಹಿಂದಿರುಗಿಸುವವರು ಮುಂದಿನ ಬಡ ಗಿರಾಕಿಯ ಮಾತಿನ ಮೇಲಿನ ನಂಬಿಕೆಯನ್ನು ಕೆಡಿಸುತ್ತಾರೆ. ಮನಸ್ಸು ತಿರುಗಿದ್ದರೆ ಹಾಗೆಂದೇ ಹೇಳಿ ಸೌಜನ್ಯದಿಂದ ಕೇಳೋಣ; ಒಪ್ಪದಿದ್ದರೆ ಮುನಿಸು ಬೇಡ. ದೋಷವಿದ್ದರೆ ಮಾತ್ರ, ಮರಾಠಿ ತಡವರಿಸಿದರೂ ಸರಿ, ಬಿಲ್ಲು ಕೈಯಲ್ಲಿ ಹಿಡಿದು ನೆಟ್ಟಗೆ ನಿಲ್ಲೋಣ. ಬಿಲ್ಲು ಇಲ್ಲದವನ ಹಕ್ಕು ಬೀಗದ ಕೈ ಕಳೆದುಕೊಂಡ ಪೆಟ್ಟಿಗೆಯಂತೆ. ದೂರಿನ ಕಾಗದ ಬರೆಯಲು ತೊಡಕಾದವರು ಸಂಜೆ ವಾಚನಾಲಯಕ್ಕೆ ಬರಲಿ. ಬರೆಯಬಲ್ಲವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ.