ತಂದೆಯ ಕಡೆಯನ್ನೂ ಕೇಳಿ

ಕಾಪು, ಕಾರ್ಕಳ, ಉಡುಪಿಯ ಅಳಿಯಸಂತಾನದ ಮನೆಗಳಲ್ಲಿ ಬಳಿ ಎಂಬ ಕುಲದ ಗುರುತು ಬರುವುದು ತಾಯಿಯಿಂದ. ‘ನಿಮ್ಮ ಕುಟುಂಬದಲ್ಲಿ ಯಾರಿಗಾದರೂ ಕೈಕಾಲು ತಂತಾನೇ ಕುಣಿಯುತ್ತಿತ್ತೇ?’ ಎಂದು ವೈದ್ಯರು ಕೇಳಿದರೆ ಅಜ್ಜಿ, ಸೋದರಮಾವ, ಚಿಕ್ಕಮ್ಮಂದಿರ ನೆನಪೇ ಮೊದಲು ಬಂದೀತು. ತಂದೆಯ ಅಣ್ಣತಮ್ಮಂದಿರು ಬಿಟ್ಟುಹೋಗಬಹುದು. ಹೀಗೆ ಕೈಕಾಲು ಕುಣಿಸುವ, ವಂಶದಲ್ಲಿ ಇಳಿದುಬರುವ ಮಿದುಳಿನ ಕಾಯಿಲೆಯಾದ ಹಂಟಿಂಗ್ಟನ್‌ನಲ್ಲಿ ಅವರನ್ನು ಬಿಡುವಂತಿಲ್ಲ.

1872ರಲ್ಲಿ ಈ ಕಾಯಿಲೆಯನ್ನು ಸ್ಪಷ್ಟವಾಗಿ ಬರೆದಿಟ್ಟಾಗ ಅಮೆರಿಕದ ಜಾರ್ಜ್ ಹಂಟಿಂಗ್ಟನ್ ಅವರಿಗೆ 22 ವರ್ಷ. ಅವರ ತಂದೆ, ಅಜ್ಜ ಇಬ್ಬರೂ ಲಾಂಗ್ ಐಲ್ಯಾಂಡಿನ ವೈದ್ಯರು. ಮೂರು ತಲೆಮಾರು ಅದೇ ಮನೆತನಗಳನ್ನು ನೋಡಿದ್ದರಿಂದ ಕಾಯಿಲೆ ಇಳಿದುಬರುವ ದಾರಿ ಕಂಡಿತು. ಒಬ್ಬರಲ್ಲಿ ಕೊಂಡಿ ಕಳಚಿದರೆ ಅವರ ಮಕ್ಕಳು ಪಾರು ಎಂಬುದೂ.

ಇದಕ್ಕೆ ಕಾರಣವಾದ ಜೀನು ಸಿಕ್ಕಿದ್ದು 1993ರಲ್ಲಿ. ಅದರೊಳಗಿನ ಡಿಎನ್‌ಎಯ ಮೂರಕ್ಷರದ ತುಣುಕು 40 ಸಲ ಅಥವಾ ಹೆಚ್ಚು ಮರುಕಳಿಸಿದ್ದರೆ ಕಾಯಿಲೆ ಬಹುತೇಕ ಖಚಿತ. ತಂದೆಯಿಂದ ಬರುವಾಗ ಆ ಸಂಖ್ಯೆ ಏರುವುದು ಹೆಚ್ಚು. ಆಗ ಮಕ್ಕಳಲ್ಲಿ ಕಾಯಿಲೆ ಇನ್ನೂ ಎಳೆ ವಯಸ್ಸಿನಲ್ಲೇ ಕಾಣಿಸಿಕೊಳ್ಳಬಹುದು.

ಹಂಟಿಂಗ್ಟನ್ ಕಾಯಿಲೆಯಲ್ಲಿ ಆ ಜೀನಿನಿಂದ ತಯಾರಾಗುವ ಪ್ರೋಟೀನಿನ ಎಳೆಯ ಒಂದು ಭಾಗ ಉದ್ದವಾಗಿ, ಮಡಿಕೆ ಕೆಟ್ಟು, ಒಂದಕ್ಕೊಂದು ಅಂಟಿ ಮುದ್ದೆಗಟ್ಟುತ್ತದೆ. 1997ರಲ್ಲಿ ಮಿದುಳಿನ ಜೀವಕೋಶಗಳ ಕೇಂದ್ರದಲ್ಲಿ ಆ ಮುದ್ದೆ ಕಂಡಾಗ ಅದಕ್ಕೆ ಯುಬಿಕ್ವಿಟಿನ್ ಅಂಟಿತ್ತು. ಇದನ್ನು ಒಡೆದುಹಾಕಿ ಎಂದು ಜೀವಕೋಶ ಹಚ್ಚುವ ಚೀಟಿ ಅದು. ಕೇಡು ಗೊತ್ತಾಗಿತ್ತು, ಚೀಟಿಯೂ ಬಿದ್ದಿತ್ತು, ವಿಲೇವಾರಿ ಮಾತ್ರ ಆಗಲಿಲ್ಲ. ಇಡೀ ಚರಿತ್ರೆಯಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ. ಆದರೆ 2004ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಪ್ರಯೋಗವೊಂದರಲ್ಲಿ ಮುದ್ದೆ ಕಟ್ಟಿಕೊಂಡ ನರಕೋಶಗಳೇ ಹೆಚ್ಚು ಕಾಲ ಉಳಿದವು! ಬಿಡಿಬಿಡಿಯಾಗಿ ಅಲೆಯುವ ಪ್ರೋಟೀನನ್ನು ಒಂದೆಡೆ ಕಟ್ಟಿಹಾಕಿ ಜೀವ ಉಳಿಸಿಕೊಳ್ಳುವ ಯತ್ನವೇ ಆ ಮುದ್ದೆಯಾಗಿರಬಹುದು.

ಹಾಗಾದರೆ ಅಲೆಯುವ ಆ ಪ್ರೋಟೀನಿನ ವಿಲೇವಾರಿಗೇ ಬಲ ಕೊಡಬಹುದಲ್ಲ? ಬೆಂಗಳೂರು ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವಿಜ್ಞಾನ ಸಂಶೋಧನಾ ಕೇಂದ್ರದಲ್ಲಿ ರವಿ ಮಂಜಿತ್ತಾಯರ ತಂಡ ಅಂಥದೊಂದು ರಾಸಾಯನಿಕವನ್ನು 2017ರಲ್ಲಿ ವರದಿ ಮಾಡಿತು. ಜೀವಕೋಶ ತನ್ನ ಕಸವನ್ನು ತಾನೇ ಅರಗಿಸುವ ಆಟೋಫೇಜಿಯನ್ನು ಅದು ಚುರುಕುಗೊಳಿಸಿ, ಮಿದುಳಿನ ಇನ್ನೊಂದು ಕಾಯಿಲೆಯಾದ ಪಾರ್ಕಿನ್ಸನ್‌ಗೆ ಸಂಬಂಧಿಸಿದ ಪ್ರೋಟೀನಿನ ವಿಷವನ್ನು ತಗ್ಗಿಸಿತು. ಅದು ಪ್ರಯೋಗಾಲಯದ ಇಲಿಗಳಲ್ಲಿ. ಮನುಷ್ಯರಿಗೆ ಕೊಡುವ ಔಷಧವಲ್ಲ.

ಮನೆಯಲ್ಲಿ ಹಂಟಿಂಗ್ಟನ್ ಇರಬಹುದೆಂಬ ಅನುಮಾನವಿದ್ದರೆ, ಮಣಿಪಾಲದ ಕೆ.ಎಂ.ಸಿ.ಯಲ್ಲಿ ವೈದ್ಯಕೀಯ ತಳಿವಿಜ್ಞಾನ ವಿಭಾಗವಿದೆ. ಹೋಗುವ ಮುನ್ನ ತಂದೆಯ ಮನೆಯ ಹಿರಿಯರನ್ನೂ ವಿಚಾರಿಸಿ. ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ, ಗಂಡಾಗಲಿ ಹೆಣ್ಣಾಗಲಿ, ಬರುವ ಸಾಧ್ಯತೆ ಅರ್ಧಕ್ಕರ್ಧ. ಲಕ್ಷಣವಿಲ್ಲದವರು ಪರೀಕ್ಷೆ ಮಾಡಿಸಬೇಕೇ ಬೇಡವೇ ಎಂಬುದು ಪ್ರಾಯಕ್ಕೆ ಬಂದ ಮೇಲೆ, ಆಪ್ತಸಲಹೆ ಪಡೆದು, ಅವರವರೇ ತೀರ್ಮಾನಿಸಬೇಕಾದದ್ದು, ಮನೆಯವರು ಒತ್ತಾಯಿಸಬಾರದು.