ಪಾವತಿ ಇಲ್ಲದ ಬಾಡಿಗೆದಾರನಿಗೆ ನೆಲೆಯಿಲ್ಲ

(ಬಾಗಲಕೋಟೆಯಲ್ಲಿ ಬಾಡಿಗೆದಾರರ ಸಭೆಯಲ್ಲಿ ಮಾಡಿದ ಭಾಷಣ)



ಪಗಾರ ಕೈಗೆ ಬಂದ ದಿನ ಗಿರಣಿ ಕಾರ್ಮಿಕನು ಮೊದಲು ಎತ್ತಿಡುವುದು ಖೋಲಿಯ ಬಾಡಿಗೆಯನ್ನು. ಸಂತೆ, ಔಷಧ, ಮಕ್ಕಳ ಶಾಲೆ ಎಲ್ಲವೂ ಉಳಿದದ್ದರಲ್ಲಿ ಆಗಬೇಕು. ಸಣ್ಣ ಅಂಗಡಿಕಾರನಿಗೆ ಎರಡು ಬಾಡಿಗೆ: ಒಂದು ಮಲಗಲಿಕ್ಕೆ, ಒಂದು ದುಡಿಯಲಿಕ್ಕೆ. ಇಳಕಲ್ಲಿನ ಕುಣಿಮಗ್ಗದ ನೇಕಾರನಿಗೆ ಮನೆಯೇ ಕಾರಖಾನೆ. ಅವನ ಮನೆ ಬಿಡಿಸಿದರೆ ಉದ್ಯೋಗವನ್ನೂ ಬಿಡಿಸಿದಂತೆ.

ಕಾನೂನು ಇಲ್ಲವೇ ಎಂದು ಕೇಳುವಿರಿ. ಇದೆ. 1961ರ ಬಾಡಿಗೆ ನಿಯಂತ್ರಣ ಕಾಯ್ದೆ ಹೋಗಿ 1999ರ ಕಾಯ್ದೆ ಬಂದಿತು. ಅದು ದೊಡ್ಡ ನಗರಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಬೇರೆಡೆ 2,000 ರೂಪಾಯಿ ಮೀರಿದ ಮನೆಗಳನ್ನು ಹೊರಗಿಟ್ಟಿತು. ಅಂಗಡಿಯು 14 ಚದರ ಮೀಟರಿಗಿಂತ ದೊಡ್ಡದಾದರೆ ಅದೂ ಹೊರಗೆ. ಬೆಲೆಗಳು ಏರಿದವು, ಅಂಕಿ ನಿಂತಲ್ಲೇ ನಿಂತಿತು. ಈಗ 2,000 ರೂಪಾಯಿಗೆ ಸಂಸಾರ ಹಿಡಿಸುವ ಮನೆಯನ್ನು ಹುಡುಕಿ ನೋಡಿರಿ!

ಇದರ ಮೇಲೆ ನೀರಿನ ಸಂಕಟ. ಆಲಮಟ್ಟಿಯ ಹಿನ್ನೀರು ಹಳೆಯ ಬಾಗಲಕೋಟೆಯ ದೊಡ್ಡ ಭಾಗವನ್ನು ನುಂಗಿದ್ದಕ್ಕೇ ನವನಗರ ಹುಟ್ಟಿತು. ಈಗಿನ ಮಟ್ಟ 519.6 ಮೀಟರ್. ಅದನ್ನು 524.256ಕ್ಕೆ ಏರಿಸಲು ಕೃಷ್ಣಾ ನ್ಯಾಯಮಂಡಳಿ 2010ರಲ್ಲಿ ಒಪ್ಪಿತು. ಏರಿದರೆ ಹಳ್ಳಿಗಳೊಡನೆ ಈ ಪಟ್ಟಣದ ಇನ್ನಷ್ಟು ಓಣಿಗಳೂ ಹೋಗುತ್ತವೆ. 2025ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟವು ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಜಮೀನಿಗೆ 30 ಲಕ್ಷ ಎಂದು ನಿರ್ಧರಿಸಿತು. ರೈತನಿಗೆ ಅದು ಸಲ್ಲತಕ್ಕದ್ದೇ. ಆದರೆ ಉತಾರದಲ್ಲಿ ಹೆಸರಿಲ್ಲದವನ ಗತಿಯೇನು? ನೂರು ಮನೆ ಮುಳುಗಿದರೆ ನೂರು ಸಂಸಾರಗಳು ಉಳಿದ ಮನೆಗಳ ಬಾಗಿಲು ತಟ್ಟುತ್ತವೆ. ಆಗ ಬಾಡಿಗೆ ಏರದೆ ಇರುತ್ತದೆಯೇ?

2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ಬಾದಾಮಿ, ಹುನಗುಂದ ಸೀಮೆಯ ಊರುಗಳಿಗೆ ನುಗ್ಗಿದಾಗ ಸರಕಾರ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಸಾರಿತು. ಅದು ಮನೆ ಕಟ್ಟಿಕೊಳ್ಳುವವನಿಗೆ. ಬಾಡಿಗೆಗೆ ಇದ್ದವನು ಏನು ಕಟ್ಟಬೇಕು, ಎಲ್ಲಿ ಕಟ್ಟಬೇಕು?

ಆದರೆ ನಾವು ಬರಿಗೈಯವರಲ್ಲ. 2013ರ ಭೂಸ್ವಾಧೀನ ಕಾಯ್ದೆಯು ಬಾಧಿತ ಕುಟುಂಬವೆಂದರೆ ಮಾಲಕನ ಕುಟುಂಬ ಮಾತ್ರ ಎನ್ನುವುದಿಲ್ಲ. ಸ್ವಾಧೀನಕ್ಕೆ ಮುಂಚೆ ಮೂರು ವರ್ಷ ಆ ನಗರದ ಜಾಗದಲ್ಲಿ ವಾಸಿಸಿದ ಕುಟುಂಬವನ್ನೂ ಅದು ಎಣಿಸುತ್ತದೆ. ಸ್ವಂತ ನಿವೇಶನವಿಲ್ಲದೆ ಮೂರು ವರ್ಷ ಬಿಡದೆ ಅಲ್ಲಿದ್ದು ಎಬ್ಬಿಸಲ್ಪಟ್ಟವರಿಗೂ ಪುನರ್ವಸತಿಯ ಮನೆ ಸಲ್ಲಬೇಕೆನ್ನುತ್ತದೆ. ಕುಶಲಕರ್ಮಿಗೆ, ಸಣ್ಣ ವ್ಯಾಪಾರಿಗೆ ಕನಿಷ್ಠ 25,000 ರೂಪಾಯಿ ನೆರವು ಬೇರೆ.

ಆದರೆ ಮೂರು ವರ್ಷ ಇದ್ದೆವೆಂಬುದಕ್ಕೆ ಸಾಕ್ಷಿ ಯಾವುದು? ಬಾಡಿಗೆಯನ್ನು ಕೈಯಿಂದ ಕೈಗೆ ಕೊಡುತ್ತೇವೆ, ಪಾವತಿ ಕೇಳುವುದಿಲ್ಲ. ಕೇಳಿದರೆ ಮನೆ ಬಿಡಿಸಿಯಾರು ಎಂಬ ಅಂಜಿಕೆ. ಕೊಟ್ಟರೆ ಇವನು ಮನೆಯನ್ನೇ ನುಂಗಿಯಾನು ಎಂದು ಮಾಲಕನಿಗೂ ಅಂಜಿಕೆ. ಒಂದು ಖೋಲಿಯ ಬಾಡಿಗೆಯಲ್ಲಿ ಕಾಲ ಹಾಕುವ ಮುದುಕಿಯೊಡನೆ ನಮ್ಮ ಜಗಳವಿಲ್ಲ. ಪಾವತಿಯಿಂದ ಆಕೆಯ ಮನೆ ನಮ್ಮದಾಗುವುದಿಲ್ಲ ಎಂದು ತಿಳಿಸಿ ಹೇಳೋಣ.

ಆದ್ದರಿಂದ ಈ ತಿಂಗಳಿಂದಲೇ ಪಾವತಿ ಕೇಳಿರಿ. ಒಬ್ಬೊಬ್ಬರೇ ಹೋಗಬೇಡಿ, ಓಣಿಯವರೆಲ್ಲ ಕೂಡಿ ಹೋಗಿರಿ. ಕೊಡದಿದ್ದರೆ ಬ್ಯಾಂಕಿನಿಂದಲೋ ಮೊಬೈಲಿನಿಂದಲೋ ಹಣ ಕಳಿಸಿರಿ. ಅದರ ದಾಖಲೆ ಉಳಿಯುತ್ತದೆ. ಪಡಿತರ ಚೀಟಿ, ಮತದಾರರ ಪಟ್ಟಿಗಳಲ್ಲಿ ಈಗಿರುವ ಮನೆಯ ವಿಳಾಸ ಬರೆಸಿರಿ. ಹಳೆಯ ಕಾಗದ ಯಾವುದನ್ನೂ ಎಸೆಯಬೇಡಿ.

ಸರಕಾರಕ್ಕೆ ನಮ್ಮ ಬೇಡಿಕೆ ಎರಡು. ಬಾಡಿಗೆ ಕಾಯ್ದೆಯ 2,000 ರೂಪಾಯಿ ಗೆರೆಯನ್ನು ಇಂದಿನ ಬೆಲೆಗೆ ತಕ್ಕಂತೆ ಏರಿಸಲಿ. ಮುಳುಗಡೆಯ ಓಣಿಗಳ ಸಮೀಕ್ಷೆಗೆ ಬರುವ ಅಧಿಕಾರಿ ಉತಾರ ನೋಡಿ ಎಣಿಸದಿರಲಿ, ಒಲೆ ನೋಡಿ ಎಣಿಸಲಿ. ಒಂದು ಮನೆಯಲ್ಲಿ ನಾಲ್ಕು ಒಲೆ ಉರಿದರೆ ನಾಲ್ಕು ಕುಟುಂಬವೆಂದು ಬರೆಯಲಿ.

ನೀರು ಬಂದ ಮೇಲೆ ಅರ್ಜಿ ಬರೆಯುವುದು ಬೇಡ. ಈಗಲೇ ಎಣಿಕೆಗೆ ಸಿಕ್ಕೋಣ.